ವಿಷವಿಕ್ಕಿದವಳ ಮಾತು

ಸಿಂದಗಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ದಿನಗಳಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ನನಗೊಂದು ಪ್ರಶ್ನೆ ಕೇಳಿದಳು. ಆಗ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲ ಎಂದು ಒಪ್ಪಿಕೊಳ್ಳುವ ದೊಡ್ಡತನವೂ ಇರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ ಎಂದುಕೊಳ್ಳಿ.

ಅಂದು ಶನಿವಾರ, ಮುಂಜಾನೆಯ ಶಾಲೆ. ಪಾಠ ಮುಗಿದಿತ್ತು, ಗಂಟೆ ಹೊಡೆಯಲು ಇನ್ನೂ ಹದಿನೈದಿಪ್ಪತ್ತು ನಿಮಿಷ ಇತ್ತು. ಸುಮ್ಮನೆ ಬಿಟ್ಟರೆ ಹುಡುಗರು ಗದ್ದಲ ಹಾಕುತ್ತಾರೆಂದು ಬಿ.ಎ.ಯಲ್ಲಿ ಓದಿದ್ದ ಜನ್ನನ ‘ಯಶೋಧರ ಚರಿತೆ’ಯ ಕತೆ ಹೇಳತೊಡಗಿದೆ. ಕೊಲ್ಲಬೇಕೆಂದು ಮನಸ್ಸಿನಲ್ಲಿ ಎಣಿಸಿದರೂ ಅದು ಕೊಲೆಯೇ, ಹಿಟ್ಟಿನ ಕೋಳಿಯನ್ನು ಕಡಿದರೂ ಪಾಪ ತಪ್ಪುವುದಿಲ್ಲ ಎಂಬ ನೀತಿ ಹೇಳಿ ಮುಗಿಸುವುದು ನನ್ನ ಉದ್ದೇಶವಾಗಿತ್ತು.

ಕತೆ ನಿಮಗೆ ಗೊತ್ತಿರಬಹುದು. ಮರೆತವರಿಗಾಗಿ ಸ್ವಲ್ಪದರಲ್ಲಿ ಹೇಳುತ್ತೇನೆ. ಉಜ್ಜಯಿನಿಯ ಅರಸ ಯಶೋಧರ, ಅವನ ರಾಣಿ ಅಮೃತಮತಿ. ಒಂದು ಇರುಳು ಬೆಳಗಾಗುವ ಹೊತ್ತಿಗೆ ಗಜಶಾಲೆಯ ಕಡೆಯಿಂದ ಒಂದು ಹಾಡು ಕೇಳಿಬರುತ್ತದೆ. ಗಂಡನ ಪಕ್ಕದಲ್ಲಿದ್ದ ಅಮೃತಮತಿ ಆ ದನಿಗೆ ಸೋತುಹೋಗುತ್ತಾಳೆ. ಹಾಡುವವನು ಯಾರೆಂದು ನೋಡಿ ಬರಲು ದಾಸಿಯನ್ನು ಕಳಿಸುತ್ತಾಳೆ. ದಾಸಿ ಹೋಗಿ ನೋಡಿದರೆ ಅವನು ಅಷ್ಟಾವಂಕನೆಂಬ ಮಾವುತ, ಮೈಯೆಲ್ಲ ಸೊಟ್ಟ, ನೋಡಲು ಹೇಸಿಕೆ ಬರುವಂಥವನು. ಬಂದು ಹಾಗೆಂದೇ ಹೇಳುತ್ತಾಳೆ. ಒಲಿದ ಮೇಲೆ ರೂಪದಿಂದ ಏನಾಗಬೇಕು ಎಂದು ರಾಣಿ ಅವಳ ಬಾಯಿ ಮುಚ್ಚಿಸಿ, ಅವನ ಕಡೆಗೇ ಹೋಗುತ್ತಾಳೆ. ಒಂದು ರಾತ್ರಿ ಅವಳು ಬರುವುದು ತಡವಾದಾಗ ಆ ಮಾವುತ ಅವಳನ್ನು ಕೂದಲು ಹಿಡಿದು ಎಳೆದು ಹೊಡೆಯುತ್ತಾನೆ. ಅವಳು ಅವನ ಕಾಲಿಗೆ ಬೀಳುತ್ತಾಳೆ. ಹಿಂದೆಯೇ ಬಂದಿದ್ದ ಅರಸ ಇದನ್ನೆಲ್ಲ ಮರೆಯಲ್ಲಿ ನಿಂತು ನೋಡುತ್ತಾನೆ, ಕತ್ತಿ ಎತ್ತುತ್ತಾನೆ, ಮತ್ತೆ ತಡೆದುಕೊಂಡು ಹಿಂದಿರುಗುತ್ತಾನೆ.

ಮಗನ ಮುಖ ಬಾಡಿದ್ದನ್ನು ಕಂಡು ತಾಯಿ ಚಂದ್ರಮತಿ ವಿಚಾರಿಸುತ್ತಾಳೆ. ಅವನು ಕೆಟ್ಟ ಕನಸು ಬಿತ್ತೆಂದು ಹೇಳಿ ಜಾರಿಕೊಳ್ಳುತ್ತಾನೆ. ಹಾಗಾದರೆ ದೇವಿಗೆ ಬಲಿ ಕೊಡು ಎಂದು ತಾಯಿ ಹಟ ಹಿಡಿಯುತ್ತಾಳೆ. ಜೀವಹಿಂಸೆ ಕೂಡದೆಂದು ಮಗ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವಂತೆ ಹಿಟ್ಟಿನ ಹುಂಜ ಮಾಡಿಸುತ್ತಾರೆ. ಅದನ್ನು ಕಡಿಯುವಾಗ ಅದರೊಳಗೆ ಬೆಂತರವೊಂದು ಹೊಕ್ಕು ಅದು ಕೂಗಿಬಿಡುತ್ತದೆ. ಬೇಸತ್ತ ಅರಸ ರಾಜ್ಯ ಬಿಟ್ಟು ಹೊರಡಲು ಅಣಿಯಾಗುತ್ತಾನೆ. ಅಮೃತಮತಿ ಗಂಡನನ್ನೂ ಅತ್ತೆಯನ್ನೂ ಊಟಕ್ಕೆ ಕರೆದು ವಿಷವಿಕ್ಕಿ ಕೊಲ್ಲುತ್ತಾಳೆ. ಸತ್ತ ತಾಯಿ ಮಗ ನವಿಲು, ನಾಯಿ, ಮೀನು, ಆಡು, ಕೋಳಿ ಎಂದು ಜನ್ಮ ಜನ್ಮಗಳಲ್ಲಿ ತೊಳಲುತ್ತಾರೆ. ಅಮೃತಮತಿಗೆ ಕುಷ್ಠ ಹತ್ತುತ್ತದೆ, ಸತ್ತು ನರಕಕ್ಕೆ ಹೋಗುತ್ತಾಳೆ.

ನಾನು ಕತೆ ಮುಗಿಸಿ ನೀತಿಗೆ ಬರುವಷ್ಟರಲ್ಲಿ ಕಿಟಕಿಯ ಪಕ್ಕದ ಬೆಂಚಿನಿಂದ ಆ ಹುಡುಗಿ ಎದ್ದು ನಿಂತಳು. “ಅಕ್ಕೋರ, ನೀ ಯಾಕ ಹಂಗ ಮಾಡಿದಿ ಅಂತ ಆಕೀನ ಯಾರೂ ಕೇಳಲೇ ಇಲ್ಲೇನ್ರಿ?” ಅಂದಳು. ಹುಡುಗರು ಕಿಸಕ್ಕನೆ ನಕ್ಕರು. ನನಗೆ ಸಿಟ್ಟು ಬಂತು. “ಅದೆಲ್ಲ ಪರೀಕ್ಷೆಗೆ ಬರೂದಿಲ್ಲ, ಕೂಡು” ಅಂದೆ.

ಅಷ್ಟಕ್ಕೇ ನಿಂತಿದ್ದರೆ ಇದು ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ. ಶಿಕ್ಷಕರ ಕೋಣೆಯಲ್ಲಿ ನಾನು ಈ ಮಾತು ತೆಗೆದಾಗ ಜೊತೆಯವರೊಬ್ಬರು, “ಆ ಹುಡುಗಿ ಅವ್ವ ಮನಿ ಬಿಟ್ಟು ಯಾರ ಕೂಡೋ ಹೋಗ್ಯಾಳ್ರಿ, ಆರು ತಿಂಗಳಾತು” ಎಂದರು. ನನ್ನ ಬಾಯಿಂದ ಥಟ್ಟನೆ ಬಂದದ್ದು, “ಹಂಗಾದ್ರ ಸರಿ ಬಿಡ್ರಿ. ನೂಲಿನಂಗ ಸೀರಿ, ತಾಯಿಯಂಗ ಮಗಳು.” ತಿರುಗಿ ನೋಡಿದರೆ ಆ ಹುಡುಗಿ ಕಂಪಾಸು ಪೆಟ್ಟಿಗೆಯ ಮೇಲೆ ನೋಟುಪುಸ್ತಕಗಳ ಕಟ್ಟು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟು ಹೋದಳು. ಆ ವರ್ಷ ಮತ್ತೆ ಅವಳು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ಅವಳ ಪ್ರಶ್ನೆ ಸಾಹಿತ್ಯದ ಪ್ರಶ್ನೆಯೂ ಹೌದೆಂದು ನನಗೆ ತಿಳಿಯಲು ಬಹಳ ಕಾಲ ಹಿಡಿಯಿತು.

ಮುದ್ದೇಬಿಹಾಳಕ್ಕೆ ವರ್ಗವಾದ ಮೇಲೆ ಸಂಜೆಗಳು ಸ್ವಲ್ಪ ಬಿಡುವಾದವು. ಮಕ್ಕಳು ದೊಡ್ಡವರಾಗಿದ್ದರು. ಜನ್ನನನ್ನು ಮತ್ತೆ ತೆಗೆದು ಕುಳಿತೆ. ಪರೀಕ್ಷೆಗಾಗಿ ಓದುವಾಗ ಹಳಗನ್ನಡವೆಂದರೆ ಅರ್ಥ ಬರೆದುಕೊಳ್ಳುವ ಕೆಲಸ. ಪರೀಕ್ಷೆಯ ಹಂಗಿಲ್ಲದೆ ಓದಿದರೆ ಅದೇ ಪುಸ್ತಕ ಬೇರೆಯಾಗಿ ಕಾಣುತ್ತದೆ. 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ ಬರೆದದ್ದು. ಮುನ್ನೂರಕ್ಕೆ ಸ್ವಲ್ಪ ಮೇಲೆ ಕಂದಪದ್ಯಗಳ ಸಣ್ಣ ಕಾವ್ಯ. ಓದುತ್ತ ಹೋದಂತೆ ಮೈ ಜುಮ್ಮೆನ್ನುತ್ತದೆ. ಚಂಡಮಾರಿಯ ಗುಡಿ, ನರಬಲಿಗೆ ಹಿಡಿದು ತಂದ ಎಳೆಯ ಅಣ್ಣ ತಂಗಿ, ಬೆಳಗಿನ ಜಾವದ ಹಾಡು, ಕೂಗುವ ಹಿಟ್ಟಿನ ಕೋಳಿ, ವಿಷದೂಟ. ಇಂಗ್ಲಿಷಿನವರು ಪಾಳು ಕೋಟೆ, ಮುಚ್ಚಿದ ಕೋಣೆ, ನಡುರಾತ್ರಿಯ ಚೀತ್ಕಾರ ಇರುವ ಕತೆಗಳಿಗೆ ‘ಗಾಥಿಕ್’ ಎಂದು ಹೆಸರಿಟ್ಟು ಒಂದು ಜಾತಿಯನ್ನೇ ಮಾಡಿಕೊಂಡಿದ್ದಾರೆ. ಅದು ಹದಿನೆಂಟನೆಯ ಶತಮಾನದ ಮಾತು. ನಮ್ಮ ಜನ್ನ ಅದಕ್ಕೂ ಐನೂರು ವರ್ಷ ಮುಂಚೆಯೇ ಅಂಥದೊಂದನ್ನು ಬರೆದಿಟ್ಟಿದ್ದ.

ಎರಡನೆಯ ಓದಿನಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ಇದನ್ನು ತರಗತಿಯಲ್ಲಿ ನಾನು ಎಂದೂ ಹೇಳಿರಲಿಲ್ಲ. ಈ ಕತೆಯನ್ನು ಹೇಳುತ್ತಿರುವವರು ಯಾರು? ಬಲಿಗೆಂದು ತಂದ ಹುಡುಗ ಅಭಯರುಚಿ, ಮಾರಿದತ್ತನೆಂಬ ರಾಜನ ಮುಂದೆ ನಿಂತು ಹೇಳುತ್ತಾನೆ. ಆ ಹುಡುಗನೇ ಹಿಂದಿನ ಜನ್ಮದ ಯಶೋಧರ. ಅಂದರೆ ಅಮೃತಮತಿಯ ಕತೆಯೆಲ್ಲ ನಮಗೆ ಸಿಕ್ಕಿರುವುದು ಅವಳ ಕೈಯಲ್ಲಿ ಸತ್ತ ಗಂಡನ ಬಾಯಿಂದ. ಅವನಿಗೆ ಕತೆ ಹೇಳಲು ಮತ್ತೆ ಮನುಷ್ಯಜನ್ಮ ಸಿಕ್ಕಿತು, ಕೇಳಲು ಒಬ್ಬ ರಾಜ ಸಿಕ್ಕ, ಕೇಳಿದ ರಾಜನ ಮನಸ್ಸು ತಿರುಗಿ ಬಲಿಯೇ ನಿಂತಿತು. ಅಮೃತಮತಿ ನರಕದಲ್ಲಿದ್ದಾಳೆ. ಅಲ್ಲಿ ಕೇಳುವವರು ಯಾರು?

ಹುಡುಗಿ ಕೇಳಿದ್ದು ಇದನ್ನೇ.

ಜನ್ನ ಅವಳಿಗೆ ಮಾತು ಕೊಟ್ಟೇ ಇಲ್ಲವೆಂದಲ್ಲ. ಎರಡು ಕಡೆ ಕೊಡುತ್ತಾನೆ, ಎರಡೂ ಮರೆಯಲಾಗದವು. ದಾಸಿಗೆ ಹೇಳುವ ಮಾತು ಒಂದು. ಇನ್ನೊಂದು, ಮಾವುತ ಹೊಡೆದಾಗ ಅವನ ಕಾಲು ಹಿಡಿದು ಆಡುವ ಮಾತು: ನೀನು ಕೈಬಿಟ್ಟರೆ ಸಾಯುತ್ತೇನೆ, ಉಳಿದ ಗಂಡಸರೆಲ್ಲ ನನಗೆ ಒಡಹುಟ್ಟಿದವರು ಎಂಬ ಅರ್ಥದ್ದು. ಪತಿವ್ರತೆ ಗಂಡನಿಗೆ ಆಡಬೇಕಾದ ಮಾತನ್ನು ಅವಳು ಮಾವುತನಿಗೆ ಆಡುತ್ತಾಳೆ. ಮರೆಯಲ್ಲಿ ನಿಂತ ಗಂಡ ಕೇಳುತ್ತಾನೆ. ಇಡೀ ಕಾವ್ಯದಲ್ಲಿ ಅವಳು ತನ್ನ ಮನಸ್ಸನ್ನು ಬಿಚ್ಚುವುದು ಹೀಗೆ ಒದೆ ತಿನ್ನುವಾಗ. ಯಾಕೆ ಹೋದಳು ಎಂಬುದಕ್ಕೆ ಜನ್ನ ಕಾರಣ ಕೊಡುವುದಿಲ್ಲ. ಕಾಮನ ಮಾಯೆಗೆ ವಿಧಿಯ ನೆರವೂ ಸಿಕ್ಕರೆ ಮನುಷ್ಯರು ಉಳಿಯುವುದಿಲ್ಲ ಎಂದು ನಿಟ್ಟುಸಿರಿಟ್ಟು ಮುಂದೆ ಹೋಗುತ್ತಾನೆ.

ಆ ಕಾರಣವನ್ನು ಹುಡುಕಿಕೊಂಡು ಹೋದವರು ಗಿರೀಶ ಕಾರ್ನಾಡರು. 1980ರಲ್ಲಿ ಬಂದ ಅವರ ‘ಹಿಟ್ಟಿನ ಹುಂಜ’ ನಾಟಕಕ್ಕೆ ಮೂಲ ಈ ಕತೆಯೇ. ರಾಜ, ರಾಣಿ, ರಾಜಮಾತೆ, ಮಾವುತ, ಒಂದು ಪಾಳುಗುಡಿ, ಒಂದು ರಾತ್ರಿ. ಇಷ್ಟರಲ್ಲೇ ಅವರು ನಾಟಕ ಕಟ್ಟಿದ್ದಾರೆ. ಮುಂದೆ 2004ರಲ್ಲಿ ಅವರೇ ಇಂಗ್ಲಿಷಿನಲ್ಲಿ ಇದನ್ನು ‘ಬಲಿ’ ಎಂಬ ಹೆಸರಿನಿಂದ ತಂದರು.

ನಾನು ಈ ನಾಟಕವನ್ನು ಒಂದೇ ಕೂಡಿಕೆಯಲ್ಲಿ ಓದಿ ಮುಗಿಸಿದೆ. ಒಲೆಯ ಮೇಲಿನ ಸಾರು ಸೀದುಹೋದದ್ದು ಆಮೇಲೆ ತಿಳಿಯಿತು. ಇಲ್ಲಿಯ ರಾಣಿ ನಮ್ಮ ಓಣಿಯ ಸೊಸೆಯ ಹಾಗೆ ಇದ್ದಾಳೆ. ತವರಿನ ಜೈನಧರ್ಮವನ್ನು ಜೊತೆಗೆ ತಂದವಳು. ಅವಳ ಮೇಲಿನ ಪ್ರೀತಿಗೆ ಗಂಡನೂ ಅದಕ್ಕೇ ಒಲಿದಿದ್ದಾನೆ. ಅತ್ತೆಗೆ ತನ್ನ ದೇವಿ, ತನ್ನ ಬಲಿಗಳು ಬೇಕು. ಮನೆಯಲ್ಲಿ ಮಕ್ಕಳಿಲ್ಲ. ಗಂಡ ತಾಯಿಯ ಎದುರು ಹೆಂಡತಿಯವನು, ಹೆಂಡತಿಯ ಎದುರು ತಾಯಿಯ ಮಗ. ಇಂಥ ಮನೆಯಲ್ಲಿ ಒಂದು ರಾತ್ರಿ ಹಾಡು ಕೇಳಿಸಿದರೆ ಕಾಲು ತಾನೇ ಅತ್ತ ಹೋದೀತು ಎಂದು ನಮಗೂ ಅನಿಸುತ್ತದೆ. ಹೋದದ್ದಕ್ಕೆ ಅವಳು ಪಶ್ಚಾತ್ತಾಪ ಪಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಹಿಟ್ಟಿನ ಹುಂಜವನ್ನು ಕಡಿಯುವುದೂ ಹಿಂಸೆಯೇ ಎಂದು ಹಟ ಹಿಡಿಯುವವಳು ಅವಳೇ. ಜನ್ನನ ಕಾವ್ಯದ ನೀತಿಯನ್ನು ಕಾರ್ನಾಡರು ಜನ್ನನ ಖಳನಾಯಕಿಯ ಬಾಯಿಗೇ ಹಾಕಿದ್ದಾರೆ. ಇದು ಬಹಳ ದೊಡ್ಡ ಯೋಚನೆ. ಓದಿದ ಆ ವಾರವೆಲ್ಲ ನಾನು ಕಂಡವರಿಗೆಲ್ಲ ಇದನ್ನೇ ಹೇಳುತ್ತಿದ್ದೆ.

ವಾರ ಕಳೆದ ಮೇಲೆ ಒಂದು ಮುಳ್ಳು ಚುಚ್ಚತೊಡಗಿತು. ವಿಷ ಎಲ್ಲಿ ಹೋಯಿತು?

‘ಹಿಟ್ಟಿನ ಹುಂಜ’ದ ರಾಣಿ ಯಾರಿಗೂ ವಿಷವಿಕ್ಕುವುದಿಲ್ಲ. ಗಂಡನನ್ನು ಕೊಲ್ಲುವುದಿಲ್ಲ, ಅತ್ತೆಯನ್ನೂ ಕೊಲ್ಲುವುದಿಲ್ಲ. ಅವಳನ್ನು ನಾವು ಪ್ರೀತಿಸುವಂತೆ ಮಾಡಬೇಕಾದಾಗ ನಾಟಕಕಾರರು ಮೊದಲು ಅವಳ ಕೈಯಿಂದ ವಿಷದ ಬಟ್ಟಲನ್ನು ಇಸಿದುಕೊಂಡಿದ್ದಾರೆ. ಇದು ಹಿಂಸೆಯ ಬಗೆಗಿನ ನಾಟಕ, ಮನಸ್ಸಿನ ಹಿಂಸೆ ಅವರ ವಸ್ತು, ವಿಷಕ್ಕೆ ಅಲ್ಲಿ ಜಾಗವಿಲ್ಲ ಎಂದು ಹೇಳಬಹುದು. ಒಪ್ಪುತ್ತೇನೆ. ನಾಟಕ ನಾಟಕವಾಗಿ ಗಟ್ಟಿಯಾಗಿದೆ. ಆದರೂ ನನ್ನಂಥ ಓದುಗಳಿಗೆ ಒಂದು ಅಸಮಾಧಾನ ಉಳಿಯುತ್ತದೆ. ಕಾರ್ನಾಡರ ರಾಣಿಗೆ ನಾನು ಮನಸ್ಸು ಕೊಟ್ಟದ್ದು ಅವಳು ನಿರಪರಾಧಿ ಎಂಬ ಕಾರಣಕ್ಕೆ. ಅಂದರೆ ಜನ್ನನ ಅಮೃತಮತಿ ಮೊದಲು ಎಲ್ಲಿದ್ದಳೋ ಅಲ್ಲಿಯೇ ಇದ್ದಾಳೆ. ಅವಳ ಹೆಸರಿನಲ್ಲಿ ಬೇರೊಬ್ಬಳು ಬಿಡುಗಡೆಯಾದಳು.

ಖಳರ ಕಡೆಯಿಂದ ಕತೆ ಹೇಳುವವರೆಲ್ಲ ಈ ಹೊರಳಿನಲ್ಲಿ ಎಡವುತ್ತಾರೆ ಎಂದು ನನಗೆ ತೋರುತ್ತದೆ. ಅಪರಾಧವನ್ನು ಅಳಿಸಿ ಕರುಣೆ ಬೇಡುವುದು ಸುಲಭ. ಅಪರಾಧವನ್ನು ಇದ್ದಲ್ಲೇ ಇಟ್ಟು, ಅದರ ಪಕ್ಕದಲ್ಲಿ ನಮ್ಮನ್ನು ಕೂಡಿಸಿ, ಎದ್ದು ಹೋಗದಂತೆ ಹಿಡಿಯುವುದು ಕಷ್ಟ.

ಆ ಕಷ್ಟದ ಕೆಲಸವನ್ನು ಮಾಡಿದವನು ನಮ್ಮ ಕಡೆಯವನೇ ಒಬ್ಬನಿದ್ದಾನೆ. ರನ್ನ ಹುಟ್ಟಿದ ಮುಧೋಳ 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ನಮ್ಮ ವಿಜಾಪುರ ಜಿಲ್ಲೆಯಲ್ಲೇ ಇತ್ತು. ಬಳೆಗಾರರ ಮನೆಯ ಮಗ. ಅವನ ‘ಗದಾಯುದ್ಧ’ದ ನಾಯಕ ಭೀಮ, ಆಶ್ರಯ ಕೊಟ್ಟ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು. ಆದರೆ ಓದಿ ಮುಗಿಸಿದ ಮೇಲೆ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ. ಹೆಣಗಳ ನಡುವೆ ಕಾಲಿಟ್ಟು ನಡೆಯುತ್ತಾನೆ. ದ್ರೋಣನನ್ನು ಕಾಣುತ್ತಾನೆ, ತಮ್ಮ ದುಶ್ಶಾಸನನನ್ನು ಕಾಣುತ್ತಾನೆ, ಕರ್ಣನನ್ನು ಕಾಣುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆ ನಿಂತು ಅವನ ಪರಾಕ್ರಮಕ್ಕೆ ಕೈ ಮುಗಿಯುತ್ತಾನೆ. ಅಲ್ಲಿಯೂ ಭೂತ ಪಿಶಾಚಿಗಳಿವೆ, ಜನ್ನನ ಗುಡಿಗಿಂತ ಭಯಂಕರವಾದ ಕತ್ತಲೆಯಿದೆ. ಗಮನಿಸಬೇಕಾದದ್ದೆಂದರೆ ರನ್ನ ಅವನ ಒಂದು ತಪ್ಪನ್ನೂ ಮುಚ್ಚಿಟ್ಟಿಲ್ಲ. ದ್ರೌಪದಿಯ ಮುಡಿ ಬಿಚ್ಚಿಯೇ ಇದೆ, ಅರಗಿನ ಮನೆ ಸುಟ್ಟದ್ದು ಸುಟ್ಟದ್ದೇ. ಅಷ್ಟೆಲ್ಲ ಗೊತ್ತಿದ್ದೂ ನಮ್ಮ ಕಣ್ಣು ಒದ್ದೆಯಾಗುತ್ತದೆ.

ವಿಜಾಪುರದಲ್ಲಿ ಬಸದಿ ಕಟ್ಟಿಸಿದನೆಂದು ಹೇಳುವ ನಾಗಚಂದ್ರನೂ ತನ್ನ ರಾಮಾಯಣದಲ್ಲಿ ರಾವಣನಿಗೆ ಇಂಥ ನ್ಯಾಯ ಕೊಟ್ಟಿದ್ದಾನೆ. ರಾವಣ ಸೀತೆಯನ್ನು ಕದ್ದದ್ದು ನಿಜ, ಆಮೇಲೆ ಮನಸ್ಸು ಕರಗಿ ನಾಚಿದ್ದೂ ನಿಜ. ರಾಮನನ್ನು ಗೆದ್ದು ಆಮೇಲೆ ಸೀತೆಯನ್ನು ಒಪ್ಪಿಸುತ್ತೇನೆಂದು ಅವನು ಹಟ ಹಿಡಿಯುವುದು ನಮ್ಮ ಊರ ಗೌಡರು ತಪ್ಪು ಒಪ್ಪಿಕೊಳ್ಳುವ ರೀತಿಯಂತೆಯೇ ಇದೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ಗೆ 1967ರ ಜ್ಞಾನಪೀಠ ಬಂದದ್ದು ನಮಗೆಲ್ಲ ಗೊತ್ತು. ಅಲ್ಲಿಯ ಮಂಥರೆಯನ್ನು ನೋಡಿ. ಯಾರಿಗೂ ಬೇಡವಾದ ಗೂನಿ, ಭರತನ ಮೇಲಿನ ಮಮತೆಯೇ ಅವಳ ಕೈಯಲ್ಲಿ ವಿಷವಾಯಿತು. ಕುವೆಂಪು ಕಾರಣ ಕೊಟ್ಟರು, ಕೃತ್ಯವನ್ನು ತೆಗೆಯಲಿಲ್ಲ. ರಾಮ ಕಾಡಿಗೆ ಹೋಗಲೇಬೇಕಾಯಿತು, ದಶರಥ ಸಾಯಲೇಬೇಕಾಯಿತು.

ಈ ಪಟ್ಟಿ ಮಾಡುವಾಗ ಇನ್ನೊಂದು ಮಾತು ಹೊಳೆಯಿತು. ಹೊಡೆದಾಡಿ, ಕದ್ದು, ಊರು ಸುಟ್ಟು ಬಂದ ಗಂಡಸಿಗೆ ನಮ್ಮ ಕವಿಗಳು ಸಾವಿರ ವರ್ಷದಿಂದ ಕಣ್ಣೀರು ಕೊಡುತ್ತ ಬಂದಿದ್ದಾರೆ. ಹೆಂಗಸಾದರೆ ಮಮತೆಯ ಕಾರಣವಾದರೂ ಇರಬೇಕು, ಇಲ್ಲವೆ ಅವಳು ತಪ್ಪೇ ಮಾಡಿರಬಾರದು. ತನ್ನ ಸುಖಕ್ಕೆಂದು ಹೋದವಳನ್ನು, ಹೋಗಿ ಕೊಂದವಳನ್ನು, ಅವಳಿರುವಂತೆಯೇ ಕೂಡಿಸಿ ಕೇಳುವವರು ಕಡಿಮೆ. ನಾವು ಹೆಂಗಸರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ನನ್ನ ಮೊದಲ ನೌಕರಿ ಇಂಡಿಯಲ್ಲಿ. ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ ತಂದ ‘ಗರತಿಯ ಹಾಡು’ ಓದಿಕೊಂಡೇ ನಾವು ಬೆಳೆದವರು. ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರು ಕಟ್ಟಿದ ಆ ಪದಗಳಿಗಿಂತ ಸಿಹಿಯಾದದ್ದು ಕನ್ನಡದಲ್ಲಿ ಇಲ್ಲ. ಆದರೆ ಬೀಸುವ ಪದಗಳಲ್ಲಿ ಅತ್ತಿಗೆ ಯಾವಾಗಲೂ ಜಿಪುಣಿ, ಸವತಿ ಯಾವಾಗಲೂ ಪಾಪಿ. ಆ ಸವತಿಯೂ ಒಂದು ಮನೆಯಲ್ಲಿ ಕೂತು ಬೀಸುತ್ತಿದ್ದಳಲ್ಲ, ಅವಳು ಏನೆಂದು ಹಾಡಿರಬಹುದು ಎಂದು ನಾನು ಆಗ ಯೋಚಿಸಲಿಲ್ಲ.

ಹೆಂಗಸಿಗೂ ಇಂಥ ನ್ಯಾಯ ಕೊಟ್ಟ ಕಾದಂಬರಿಯೊಂದು ನನಗೆ ಸಿಕ್ಕಿದ್ದು ದೂರದ ನಾಡಿನಿಂದ. ಪುಣೆಯಲ್ಲಿರುವ ನನ್ನ ಅಕ್ಕನ ಮಗಳು ರಜೆಗೆ ಬಂದಾಗ, “ಮೌಶಿ, ನಿನಗಿದು ಸೇರತೈತಿ” ಎಂದು ಕೊಟ್ಟು ಹೋದಳು. ಜೀನ್ ರೀಸ್ ಎಂಬುವರು 1966ರಲ್ಲಿ ಬರೆದ ‘ವೈಡ್ ಸರ್ಗಾಸೋ ಸೀ’. ಅದನ್ನು ಓದಲು ಮೊದಲು ‘ಜೇನ್ ಐರ್’ ಗೊತ್ತಿರಬೇಕು. ಷಾರ್ಲೆಟ್ ಬ್ರಾಂಟೆ 1847ರಲ್ಲಿ ಬರೆದ ಈ ಕಾದಂಬರಿಯ ಸಂಕ್ಷೇಪ ನಮಗೆ ಬಿ.ಎ.ಯಲ್ಲಿ ಇತ್ತು. ಬಡ ಅನಾಥೆ ಜೇನ್, ಅವಳು ಪಾಠ ಹೇಳಲು ಹೋದ ಮನೆಯ ಯಜಮಾನ ರಾಚೆಸ್ಟರ್, ಮೂರನೆಯ ಅಂತಸ್ತಿನಲ್ಲಿ ಕೂಡಿಹಾಕಿದ ಅವನ ಹುಚ್ಚು ಹೆಂಡತಿ. ಆ ಹೆಂಡತಿ ರಾತ್ರಿ ಹೊತ್ತು ನಗುತ್ತಾಳೆ, ಕಚ್ಚುತ್ತಾಳೆ, ಕೊನೆಗೆ ಮನೆಗೆ ಬೆಂಕಿಯಿಟ್ಟು ಮಾಳಿಗೆಯಿಂದ ಹಾರಿ ಸಾಯುತ್ತಾಳೆ. ಅವಳು ಸತ್ತಮೇಲೆಯೇ ಜೇನ್‌ಳ ಬಾಳು ನೇರಾಗುವುದು. ಅವಳು ಹಾರಿದಾಗ ನಮಗೆಲ್ಲ ಸಮಾಧಾನವಾಗಿತ್ತು. ಅವಳ ಪೂರ್ವಕತೆ ಜೇನ್‌ಗೂ ನಮಗೂ ಯಾರಿಂದ ತಿಳಿಯುತ್ತದೆ? ಅಲ್ಲಿಯೂ ಗಂಡನ ಬಾಯಿಂದಲೇ.

ಜೀನ್ ರೀಸ್ 1890ರಲ್ಲಿ ವೆಸ್ಟ್ ಇಂಡೀಸಿನ ಡೊಮಿನಿಕಾದಲ್ಲಿ ಹುಟ್ಟಿದವರು. ‘ಜೇನ್ ಐರ್’ದ ಆ ಹುಚ್ಚಿಯೂ ವೆಸ್ಟ್ ಇಂಡೀಸಿನವಳು. ಆ ಸೆಳೆತದಿಂದಲೇ ಇರಬೇಕು, ಎಪ್ಪತ್ತಾರರ ವಯಸ್ಸಿನಲ್ಲಿ ಅವರು ಅವಳ ಕತೆಯನ್ನು ಪ್ರಕಟಿಸಿದರು. ಶಬ್ದಕೋಶ ಪಕ್ಕಕ್ಕಿಟ್ಟುಕೊಂಡು ನಾನು ಅದನ್ನು ಓದಲು ಒಂದು ತಿಂಗಳು ಹಿಡಿಯಿತು. ಹುಚ್ಚಿಗೆ ಇಲ್ಲಿ ಆಂಟೊನೆಟ್ ಎಂಬ ಸ್ವಂತ ಹೆಸರಿದೆ, ಬರ್ಥಾ ಎನ್ನುವುದು ಗಂಡ ಇಟ್ಟ ಹೆಸರು. ಅವಳಿಗೊಂದು ಬಾಲ್ಯವಿದೆ. ಆ ಬಾಲ್ಯವೂ ಚೊಕ್ಕವಲ್ಲ: ಅವಳ ಮನೆತನ ಗುಲಾಮರನ್ನು ದುಡಿಸಿಕೊಂಡು ಬೆಳೆದದ್ದು, ಬಿಡುಗಡೆಯಾದ ಜನ ಅವಳ ಮನೆಯನ್ನು ಸುಟ್ಟಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಸಂಗತಿಗಳು. ಒಂದು, ಪುಸ್ತಕದ ನಡುಭಾಗವನ್ನು ಹೆಚ್ಚಾಗಿ ಗಂಡನೇ ಹೇಳುತ್ತಾನೆ. ಅವಳಿಗೆ ಮಾತು ಕೊಡಬೇಕೆಂದು ಲೇಖಕಿ ಅವನ ಬಾಯಿ ಕಟ್ಟಿಲ್ಲ. ಗುರುತಿಲ್ಲದ ನಾಡಿನಲ್ಲಿ ಅವನ ಹೆದರಿಕೆಯೂ ನಮಗೆ ಅರ್ಥವಾಗುತ್ತದೆ, ಅರ್ಥವಾದ ಮೇಲೂ ಅವನ ಕ್ರೌರ್ಯ ಕಡಿಮೆಯಾಗುವುದಿಲ್ಲ. ಎರಡು, ಕೊನೆ. ಕೈಯಲ್ಲಿ ಮೇಣಬತ್ತಿ ಹಿಡಿದು ಅವಳು ಕತ್ತಲೆಯ ಓಣಿಯಲ್ಲಿ ಹೊರಡುವಲ್ಲಿಗೆ ಕಾದಂಬರಿ ಮುಗಿಯುತ್ತದೆ. ಮನೆ ಸುಡುತ್ತದೆಂದು ನಮಗೆ ಗೊತ್ತು, ಅವಳಿಗೂ ಗೊತ್ತು. ಲೇಖಕಿ ಆ ಬತ್ತಿಯನ್ನು ಅವಳ ಕೈಯಿಂದ ತೆಗೆದುಕೊಳ್ಳಲಿಲ್ಲ.

ನಾನು ಹುಡುಕುತ್ತಿದ್ದುದು ಇದನ್ನು. ಅಮೃತಮತಿಯ ಕೈಯಲ್ಲಿ ವಿಷವಿರುವಾಗಲೇ ಅವಳ ಪಕ್ಕದಲ್ಲಿ ಕೂತು ಬರೆದ ಕನ್ನಡದ ಪುಸ್ತಕ ನನ್ನ ಕೈಗೆ ಇನ್ನೂ ಬಂದಿಲ್ಲ. ಅಡಿಗೆಮನೆಯಲ್ಲಿ ಆ ದಿನ ಅವಳು ಹೇಗೆ ನಿಂತಿದ್ದಳು, ಬಡಿಸುವಾಗ ಕೈ ನಡುಗಿತೋ ಇಲ್ಲವೋ, ಅತ್ತೆ ಇನ್ನಷ್ಟು ಬಡಿಸು ಎಂದಾಗ ಏನೆನಿಸಿತು? ಬಡಿಸಿ ಬಡಿಸಿ ಕೈ ಸವೆಸಿಕೊಂಡವಳೊಬ್ಬಳು ಮುಂದೆ ಇದನ್ನು ಬರೆಯಬಹುದು.

ಇನ್ನು ಆ ಹುಡುಗಿಯ ಮಾತು. ಈಗ ನಾನಿರುವುದು ಬಸವನ ಬಾಗೇವಾಡಿಯಲ್ಲಿ. ಬಲಿಗೆ ತಂದ ಕುರಿಯ ಮೇಲೆ ವಚನ ಬರೆದ ಬಸವಣ್ಣನ ಊರು. ಇಲ್ಲಿ ಹಿಂಸೆ ಅಹಿಂಸೆಯ ಪಾಠ ಮಾಡುವಾಗ ನಾಲಿಗೆ ಸ್ವಲ್ಪ ಎಚ್ಚರದಿಂದಿರುತ್ತದೆ. ಎರಡು ವರ್ಷದ ಹಿಂದೆ ಜೂನಿನಲ್ಲಿ ಮಗಳನ್ನು ಎಂಟನೆಯ ಇಯತ್ತೆಗೆ ಹಚ್ಚಲು ಹೆಣ್ಣುಮಗಳೊಬ್ಬಳು ಬಂದಳು. ಅರ್ಜಿ ತುಂಬಿ ಮುಗಿದ ಮೇಲೆ, “ನಾ ಗುರುತ ಸಿಕ್ನಿಲ್ರಿ ಅಕ್ಕೋರ?” ಅಂದಳು. ದನಿ ಕೇಳಿ ಗುರುತು ಹತ್ತಿತು.

ಚಹಾ ತರಿಸಿದೆ. ಮಾತು ಎಲ್ಲಿಂದ ಸುರುಮಾಡಬೇಕೋ ತಿಳಿಯದೆ, “ಅವತ್ತ ನಾ ಒಂದು ಮಾತಂದಿದ್ದೆ ನೋಡವಾ…” ಎಂದೆ. “ನೆನಪೈತ್ರಿ” ಎಂದಳು. ಇರಲಿ ಬಿಡಿ ಎನ್ನಲಿಲ್ಲ. ಅವಳು ಹಾಗೆ ಅನ್ನದೆ ಇದ್ದದ್ದೇ ಸರಿ ಎಂದು ಈಗ ಅನಿಸುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೇಳಿದಳು. ತಾಯಿ ಹೋಗುವಾಗ ತಮ್ಮನಿಗೆ ಜ್ವರವಿತ್ತಂತೆ. ಇವಳಿಗೆಂದು ಅಜ್ಜಿ ಮಾಡಿಸಿದ್ದ ಬಂಗಾರದ ಝುಮಕಿಯನ್ನೂ ಒಯ್ದಿದ್ದಳಂತೆ. ಹಲವು ವರ್ಷದ ಮೇಲೆ ಬರಿಗೈಲಿ ತಿರುಗಿ ಬಂದಾಗ ಊರಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ, ಇವಳು ತೆರೆದಳು. “ಈಗ ನಮ್ಮ ಮನ್ಯಾಗ ಅದಾಳ್ರಿ. ತಪ್ಪು ಮಾಡ್ಯಾಳ, ಅದನ್ನ ಸುಳ್ಳಂತ ನಾ ಯಾರ ಮುಂದೂ ಹೇಳಂಗಿಲ್ಲ. ಝುಮಕಿ ಮಾತು ತೆಗದ್ರ ಇಬ್ರೂ ಅಳತೀವಿ. ಆದ್ರ ಊಟಕ್ಕ ಕೂಡೇ ಕುಂದರತೀವ್ರಿ.”

ನನಗೆ ಆ ಹಳೆಯ ಪ್ರಶ್ನೆ ತಡೆಯಲಾಗಲಿಲ್ಲ. “ಯಾಕ ಹೋದಿ ಅಂತ ಕೇಳಿದೆನು?”

“ಕೇಳಿದೆರಿ. ಆಕೀಗೂ ಪಕ್ಕಾ ಗೊತ್ತಿಲ್ರಿ. ಒಂದೊಂದ ಸಲ ಒಂದೊಂದ ಹೇಳತಾಳ.”

ಅವಳು ಹೋದ ಮೇಲೆ ಜನ್ನನ ಬಗ್ಗೆ ನನಗಿದ್ದ ದೂರು ಸ್ವಲ್ಪ ಸಡಿಲವಾಯಿತು. ಅವನು ಕಾರಣ ಕೊಡಲಿಲ್ಲ ಎಂದು ನಾನು ದೂರುತ್ತಿದ್ದೆ. ಕಾರಣ ಸಿಕ್ಕಿದರಷ್ಟೇ ಕ್ಷಮಿಸುತ್ತೇವೆ ಎನ್ನುವುದು ನಮ್ಮ ಕಾಲದ ಓದುಗರ ಚಟವಿರಬಹುದು. ಮಕ್ಕಳಿರಲಿಲ್ಲ, ಅತ್ತೆ ಕಾಡಿದಳು, ಗಂಡ ಒಲಿಯಲಿಲ್ಲ ಎಂದು ಕಾರಣಗಳನ್ನು ಜೋಡಿಸಿಕೊಟ್ಟರೆ ನಮಗೆ ಹಗುರಾಗುತ್ತದೆ. ಕಾರಣವೇ ಇಲ್ಲದೆ ಒಂದು ಹಾಡಿನ ಹಿಂದೆ ಹೋದವಳು ನಮ್ಮನ್ನು ಹೆದರಿಸುತ್ತಾಳೆ. ಏಕೆಂದರೆ ಆ ಹಾಡು ಯಾರ ಮನೆಯ ಕಿಟಕಿಗಾದರೂ ಕ���ಳಿಸಬಹುದು. ಜನ್ನ ಅದನ್ನು ಬಲ್ಲವನಾಗಿದ್ದ. ಆದರೆ ಗೊತ್ತಿದ್ದೂ ಅವಳನ್ನು ನರಕಕ್ಕೆ ಕಳಿಸಿ ಬಾಗಿಲು ಹಾಕಿಕೊಂಡ. ಆ ದೂರು ಹಾಗೇ ಉಳಿದಿದೆ.

ಕಳೆದ ವರ್ಷ ಒಂದು ಶನಿವಾರ ಮತ್ತೆ ಹದಿನೈದು ನಿಮಿಷ ಉಳಿದವು. ಯಶೋಧರನ ಕತೆ ಹೇಳಿದೆ. ಈ ಸಲ ನೀತಿ ಹೇಳುವ ಮೊದಲು ನಿಂತು, “ಅಮೃತಮತಿ ಈಗ ಈ ಬಾಗಿಲಾಗ ಬಂದು ನಿಂತ್ರ ನೀವು ಏನು ಕೇಳತೀರಿ?” ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ, “ಊಟ ಮಾಡೀರೇನ್ರಿ ಅಂತ ಕೇಳತೀನ್ರಿ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಂಟೆ ಹೊಡೆಯಿತು. ಎರಡನೆಯ ಬೆಂಚಿನಲ್ಲಿ ಆ ಹಳೆಯ ವಿದ್ಯಾರ್ಥಿನಿಯ ಮಗಳು ಚೀಲಕ್ಕೆ ಪುಸ್ತಕ ತುಂಬುತ್ತಿದ್ದಳು. ಮನೆಗೆ ಹೋಗಿ ಅಜ್ಜಿಗೆ ಈ ಕತೆ ಹೇಳುತ್ತಾಳೋ ಏನೋ ಎಂದು ಅಂದು ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ.